ರೋಗಿ, ತರಗತಿ, ಸಂಶೋಧನೆ: ಫಿಸಿಯೋಥೆರಪಿಯ ಮೂರು ಕೆಲಸ, ಒಂದೇ ಕಸುಬು



ಫಿಸಿಯೋಥೆರಪಿಯ ಬಗ್ಗೆ ಉಪನ್ಯಾಸವಿದೆ ಅಂದಾಗ ಮಂಡಿ ನೋವಿಗೆ ಏನು ಮಾಡಬೇಕು, ಸೊಂಟಕ್ಕೆ ಯಾವ ವ್ಯಾಯಾಮ ಒಳ್ಳೆಯದು ಎಂದು ತಿಳಿದುಕೊಂಡು ಹೋಗೋಣ ಎಂದು ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ಮಂಡಿಯ ಮಾತು ಮುಂದೆ ಬರುತ್ತದೆ. ಆದರೆ ಇವತ್ತು ನನ್ನನ್ನು ಕಾಡುತ್ತಿರುವ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಮಂಡಿ ನೋವಿಗೆ ಇಂಥದ್ದು ಮಾಡಬೇಕು ಎಂದು ನಮಗೆ ಗೊತ್ತಾಗುವುದು ಹೇಗೆ? ಗೊತ್ತಾದದ್ದನ್ನು ಮುಂದಿನ ತಲೆಮಾರಿಗೆ ದಾಟಿಸುವವರು ಯಾರು? ಗೊತ್ತಿದೆ ಎಂದುಕೊಂಡದ್ದು ತಪ್ಪಾಗಿದ್ದರೆ ಅದನ್ನು ಹಿಡಿಯುವವರು ಯಾರು?

ನಮ್ಮಲ್ಲಿ ಈ ಮೂರೂ ಕೆಲಸಗಳನ್ನು ಮೂರು ಮಂದಿಗೆ ಹಂಚಿಬಿಟ್ಟಿದ್ದೇವೆ. ಬೆಳಗಿನಿಂದ ಸಂಜೆಯವರೆಗೆ ಒ.ಪಿ.ಡಿ.ಯಲ್ಲಿ ರೋಗಿಗಳನ್ನು ನೋಡುವವರು ಬೇರೆ. ಕಾಲೇಜಿನಲ್ಲಿ ಪಾಠ ಮಾಡುವವರು ಬೇರೆ. ಅವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ತಮ್ಮದೇ ರೋಗಿ ಎನ್ನುವಂಥ ಒಬ್ಬರನ್ನೂ ನೋಡಿರುವುದಿಲ್ಲ. ಇನ್ನು ಸಂಶೋಧನೆ ಎಂಬುದು ಎಂ.ಪಿ.ಟಿ. ಎಂಬ ಸ್ನಾತಕೋತ್ತರ ಕೋರ್ಸಿನ ವಿದ್ಯಾರ್ಥಿಗಳು ಪದವಿಗಾಗಿ ಮುಗಿಸಲೇಬೇಕಾದ ಒಂದು ಶಾಸ್ತ್ರ. ಈ ಹಂಚಿಕೆ ಫಿಸಿಯೋಥೆರಪಿಗೆ ಒಗ್ಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಕೈಯಿಂದ ಮಾಡುವ, ಕಣ್ಣಿಂದ ಅಳೆಯುವ, ರೋಗಿಯ ಮಾತಿನಿಂದ ತಿದ್ದಿಕೊಳ್ಳುವ ವಿದ್ಯೆ ಇದು. ಈ ವಿದ್ಯೆಯಲ್ಲಿ ಮೂರು ಕೆಲಸಗಳೂ ಒಬ್ಬರ ವಾರದೊಳಗೇ ಕೂಡಬೇಕು. ಕೂಡದಿದ್ದರೆ ಮೂರೂ ಸೊರಗುತ್ತವೆ.

ನಮ್ಮ ದೇಶದಲ್ಲಿ ಈ ಕಸುಬು ಹುಟ್ಟಿದಾಗ ಹೀಗಿರಲಿಲ್ಲ. 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಬ್ಬಿತು. ಕಾಲಿನ ಬಲ ಕಳೆದುಕೊಂಡ ಮಕ್ಕಳನ್ನು ಮತ್ತೆ ನಿಲ್ಲಿಸಲು, ನಡೆಸಲು ತರಬೇತಿ ಪಡೆದವರು ಸಾಕಷ್ಟಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಶಾಲೆಯೂ ಚಿಕಿತ್ಸಾ ಕೇಂದ್ರವೂ ಒಂದೇ ಆವರಣದಲ್ಲಿದ್ದವು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘವೂ ಹುಟ್ಟಿಕೊಂಡಿತು.

ನಮಗೆ ಇನ್ನೂ ಹತ್ತಿರದ ವೆಲ್ಲೂರಿನಲ್ಲಿ ಅದಕ್ಕೂ ಮೊದಲೇ, 1940ರ ದಶಕದ ಕೊನೆಯಲ್ಲಿ, ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠದಿಂದ ಮುರುಟಿಕೊಂಡ ಕೈಗಳಿಗೆ ಸ್ನಾಯುರಜ್ಜು ಬದಲಿಸುವ ಶಸ್ತ್ರಚಿಕಿತ್ಸೆ ಆರಂಭಿಸಿದ್ದರು. ಬೇರೊಂದು ಕೆಲಸ ಮಾಡುತ್ತಿದ್ದ ಸ್ನಾಯುವನ್ನು ಬೆರಳು ನೀಡುವ ಕೆಲಸಕ್ಕೆ ಹಚ್ಚಿದರೆ ಸಾಲದು, ಅದನ್ನು ಹೊಸ ಕೆಲಸಕ್ಕೆ ಪಳಗಿಸಬೇಕು. ಅದೂ ಮುಟ್ಟಿದ್ದು ಗೊತ್ತಾಗದ ಕೈಯಲ್ಲಿ. ಅಲ್ಲಿ ಫಿಸಿಯೋಥೆರಪಿ ಆಪರೇಷನ್ನಿನಷ್ಟೇ ಮುಖ್ಯವಾಯಿತು. ಕುಷ್ಠರೋಗಿಗಳ ಬೆರಳು ಮೊಟಕಾಗುವುದಕ್ಕೆ ರೋಗವೇ ನೇರ ಕಾರಣವಲ್ಲ, ನೋವು ತಿಳಿಯದ ಕೈಗೆ ದಿನವೂ ಆಗುವ ಸುಟ್ಟಗಾಯ, ಪೆಟ್ಟು, ಒತ್ತಡಗಳು ಕಾರಣ ಎಂಬ ದೊಡ್ಡ ತಿಳಿವಳಿಕೆ ಬಂದದ್ದು ಆ ರೋಗಿಗಳ ದಿನಚರಿಯನ್ನು ಹತ್ತಿರದಿಂದ ನೋಡಿ ಬರೆದಿಟ್ಟುಕೊಂಡವರಿಂದ. ಚಿಕಿತ್ಸೆ ಕೊಡುವವರೇ ಅಲ್ಲಿ ಸಂಶೋಧಕರಾಗಿದ್ದರು.

ಮೂರೂ ಕೆಲಸಗಳನ್ನು ಒಂದೇ ಬದುಕಿನಲ್ಲಿ ಹೊಂದಿಸಿಕೊಂಡ ಒಬ್ಬರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಕೂತಿರುವ ಬಿ.ಪಿ.ಟಿ. ಪದವಿ ವಿದ್ಯಾರ್ಥಿಗಳೆಲ್ಲರಿಗೂ ಅವರ ಹೆಸರು ಗೊತ್ತು. ಮೈಟ್‌ಲ್ಯಾಂಡ್ ಗ್ರೇಡ್ ಒಂದು, ಎರಡು, ಮೂರು, ನಾಲ್ಕು ಎಂದು ವೈವಾದಲ್ಲಿ ಉಸಿರು ಬಿಗಿಹಿಡಿದು ಹೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಆದರೆ ಆ ಗ್ರೇಡುಗಳ ಹಿಂದಿನ ಮನುಷ್ಯ ಹೇಗೆ ಬದುಕಿದರು ಎಂಬುದನ್ನು ನಾವು ಪಾಠದಲ್ಲಿ ಹೇಳುವುದಿಲ್ಲ.

ಜೆಫ್ರಿ ಮೈಟ್‌ಲ್ಯಾಂಡ್ ಆಸ್ಟ್ರೇಲಿಯಾದ ಅಡಿಲೇಡಿನವರು. 1924ರಲ್ಲಿ ಹುಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದರು, ಯುದ್ಧ ಮುಗಿದ ಮೇಲೆ ಫಿಸಿಯೋಥೆರಪಿ ಓದಿ 1949ರಲ್ಲಿ ಹೊರಬಂದರು. ಮೊದಲು ರಾಯಲ್ ಅಡಿಲೇಡ್ ಆಸ್ಪತ್ರೆಯಲ್ಲಿ, ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ಆಮೇಲೆ ಅವರು ಮಾಡಿಕೊಂಡ ಏರ್ಪಾಡನ್ನು ಗಮನಿಸಿ: ಸ್ವಲ್ಪ ಹೊತ್ತು ಸ್ವಂತ ಕ್ಲಿನಿಕ್ಕು, ಸ್ವಲ್ಪ ಹೊತ್ತು ವಿದ್ಯಾರ್ಥಿಗಳಿಗೆ ರೋಗಿಯ ಪಕ್ಕದಲ್ಲೇ ನಿಂತು ಕಲಿಸುವ ಕೆಲಸ, ಮತ್ತು ಪ್ರತಿ ವಾರ ಅರ್ಧ ದಿನ ಗ್ರಂಥಾಲಯ. ಅರ್ಧ ದಿನ ಸಂಪಾದನೆ ಬಿಟ್ಟು ಗ್ರಂಥಾಲಯದಲ್ಲಿ ಕೂರುವುದು ಕ್ಲಿನಿಕ್ ನಡೆಸುವವರಿಗೆ ಸುಲಭವಲ್ಲ. ಅವರು ವರ್ಷಗಳ ಕಾಲ ಅದನ್ನು ಬಿಡಲಿಲ್ಲ.

ಬೆನ್ನೆಲುಬಿಗೆ ಕೈಯಿಂದ ಚಿಕಿತ್ಸೆ ಕೊಡುವ ವಿಧಾನಗಳು ಆ ಕಾಲದಲ್ಲಿ ಚದುರಿಹೋಗಿದ್ದವು. ಆಸ್ಟಿಯೋಪಥಿಯವರದು ಒಂದು ಮಾತು, ಕೈರೋಪ್ರ್ಯಾಕ್ಟಿಕ್‌ನವರದು ಇನ್ನೊಂದು, ಲಂಡನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ಅವರದು ಮತ್ತೊಂದು. ಎಲ್ಲರಿಗೂ ತಮ್ಮದೇ ಸಿದ್ಧಾಂತ, ತಮ್ಮದೇ ಗುಂಪು. 1961ರಲ್ಲಿ ಮೈಟ್‌ಲ್ಯಾಂಡ್ ಪತ್ನಿ ಆ್ಯನ್ ಅವರೊಂದಿಗೆ ವಿದೇಶ ಪ್ರವಾಸ ಹೊರಟು ಈ ಎಲ್ಲ ಗುಂಪುಗಳವರ ಬಳಿಗೂ ಹೋದರು, ಅವರು ಕೆಲಸ ಮಾಡುವುದನ್ನು ನೋಡಿದರು. ಮರಳಿ ಬಂದ ಮೇಲೆ, 1962ರಲ್ಲಿ, ಬೆನ್ನೆಲುಬಿನ ಮ್ಯಾನಿಪುಲೇಶನ್ ಕಲಿಸುವುದರ ತೊಡಕುಗಳನ್ನು ಕುರಿತೇ ಒಂದು ಪ್ರಬಂಧ ಮಂಡಿಸಿದರು. ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಅವರ ಸಿದ್ಧಾಂತಕ್ಕೆ ಬೀಜ ಬಿದ್ದದ್ದು ಕಲಿಸುವ ಕಷ್ಟದಲ್ಲಿ. ತನ್ನ ಕೈಗೆ ತಿಳಿಯುವುದನ್ನು ಇನ್ನೊಬ್ಬರ ಕೈಗೆ ತಿಳಿಸುವುದು ಹೇಗೆ? ಎಷ್ಟು ಒತ್ತಬೇಕು, ಎಲ್ಲಿಯವರೆಗೆ ಒತ್ತಬೇಕು, ಯಾವಾಗ ನಿಲ್ಲಿಸಬೇಕು? ಆ ಕಷ್ಟಕ್ಕೆ ಅವರು ಕಂಡುಕೊಂಡ ಉತ್ತರವೇ ಗ್ರೇಡುಗಳು. ಕೀಲಿನ ಚಲನೆಯ ಆರಂಭದಲ್ಲಿ ತೀರಾ ಸಣ್ಣ ಅಲುಗಾಟ ಗ್ರೇಡ್ ಒಂದು. ಬಿಗಿ ತಾಗುವ ಮೊದಲಿನ ದೊಡ್ಡ ಅಲುಗಾಟ ಎರಡು. ಬಿಗಿಯೊಳಗೆ ಹೋಗುವ ದೊಡ್ಡ ಅಲುಗಾಟ ಮೂರು. ಚಲನೆಯ ಕೊನೆಯಲ್ಲಿ ಮಾಡುವ ಸಣ್ಣದು ನಾಲ್ಕು. 1964ರಲ್ಲಿ ಪುಸ್ತಕ ಬಂತು, ಅದಕ್ಕೆ ಚಿತ್ರ ಬರೆದುಕೊಟ್ಟವರು ಆ್ಯನ್. ಮರುವರ್ಷ ಅಡಿಲೇಡಿನಲ್ಲಿ ಮೂರು ತಿಂಗಳ ಮೊದಲ ಕೋರ್ಸು ನಡೆಯಿತು.

ಅವರು ಹಾಕಿಕೊಟ್ಟ ಇನ್ನೊಂದು ಕ್ರಮ ಗ್ರೇಡುಗಳಿಗಿಂತ ದೊಡ್ಡದು. ಮೊದಲು ರೋಗಿಯ ಯಾವ ಚಲನೆಯಲ್ಲಿ ತೊಂದರೆ ಎದ್ದು ಕಾಣುತ್ತದೆ ಎಂದು ಗುರುತಿಸಿಕೊಳ್ಳಬೇಕು. ಚಿಕಿತ್ಸೆ ಕೊಡಬೇಕು. ಆ ಕ್ಷಣವೇ ಅದೇ ಚಲನೆಯನ್ನು ಮತ್ತೆ ನೋಡಬೇಕು. ಬದಲಾಯಿತೆ, ಇಲ್ಲವೆ? ಇಲ್ಲವಾದರೆ ಸಿದ್ಧಾಂತ ಏನೇ ಹೇಳಲಿ, ವಿಧಾನ ಬದಲಿಸಬೇಕು. ತಿಳಿದ ಸಿದ್ಧಾಂತ ಒಂದು ಕಡೆ, ರೋಗಿಯಲ್ಲಿ ಕಾಣುವ ಲಕ್ಷಣ ಇನ್ನೊಂದು ಕಡೆ, ನಡುವೆ ಕಿಂಡಿಗಳಿರುವ ಇಟ್ಟಿಗೆ ಗೋಡೆ ಎಂದು ಅವರು ವಿವರಿಸುತ್ತಿದ್ದರು. ಎರಡೂ ಕಡೆಯಿಂದ ಮಾತು ಹರಿಯಬಹುದು, ಆದರೆ ಜಗಳ ಬಿದ್ದಾಗ ರೋಗಿಯ ಕಡೆಯ ಮಾತೇ ನಿಲ್ಲಬೇಕು. ಪ್ರತಿ ಚಿಕಿತ್ಸೆಯೂ ಒಂದು ಸಣ್ಣ ಪರೀಕ್ಷೆಯಾಗಿಬಿಡುವ ಕ್ರಮ ಇದು. ಕ್ಲಿನಿಕ್ಕಿನಲ್ಲಿ ಕೂತವರು ಸಂಶೋಧಕರಾಗಲು ಇಡಬೇಕಾದ ಮೊದಲ ಹೆಜ್ಜೆಯೂ ಇದೇ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. ಬೆನ್ನೆಲುಬಿನ ಯಾವ ಕೀಲು ಬಿಗಿಯಾಗಿದೆ ಎಂದು ಬೆರಳಿನಿಂದ ಒತ್ತಿ ತಿಳಿಯಬಹುದು ಎಂಬುದು ಈ ಪರಂಪರೆಯ ಮೂಲ ನಂಬಿಕೆಗಳಲ್ಲೊಂದು. ಅದೇ ಆಸ್ಟ್ರೇಲಿಯಾದಲ್ಲಿ, ಅದೇ ವಿದ್ಯೆಯಲ್ಲಿ ಬೆಳೆದ ಕ್ರಿಸ್ಟೋಫರ್ ಮಾಹರ್ ಎಂಬ ಫಿಸಿಯೋಥೆರಪಿಸ್ಟರು ರೋಜರ್ ಆ್ಯಡಮ್ಸ್ ಅವರ ಜೊತೆ ಸೇರಿ ಅದನ್ನು ಪರೀಕ್ಷೆಗೆ ಒಡ್ಡಿದರು. ಅನುಭವವುಳ್ಳ ಇಬ್ಬರು ಚಿಕಿತ್ಸಕರು ಒಬ್ಬರೇ ರೋಗಿಯ ಬೆನ್ನನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಇಬ್ಬರೂ ಒಂದೇ ಮಾತು ಹೇಳುತ್ತಾರೆಯೆ? 1994ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬಿಗಿತನದ ಬಗ್ಗೆ ಇಬ್ಬರ ತೀರ್ಮಾನ ತೀರಾ ಕಡಿಮೆ ಹೊಂದುತ್ತಿತ್ತು. ಒತ್ತಿದಾಗ ಎಲ್ಲಿ ನೋವು ಎಂಬುದರಲ್ಲಿ, ಅಂದರೆ ರೋಗಿಯೇ ಬಾಯಿಬಿಟ್ಟು ಹೇಳುವ ಸಂಗತಿಯಲ್ಲಿ, ಚೆನ್ನಾಗಿ ಹೊಂದುತ್ತಿತ್ತು. ನಮ್ಮ ಬೆರಳಿನ ಪಾಂಡಿತ್ಯಕ್ಕಿಂತ "ಹೂಂ, ಅಲ್ಲೇ ನೋವು" ಎನ್ನುವ ರೋಗಿಯ ಮಾತು ಹೆಚ್ಚು ನಂಬಲರ್ಹ ಎಂದಾಯಿತು.

ಇದರಿಂದ ಮೈಟ್‌ಲ್ಯಾಂಡ್ ಸೋತರು ಎಂದು ನಾನು ಹೇಳುವುದಿಲ್ಲ. ಮಾಡಿ ನೋಡು, ಮತ್ತೆ ಅಳೆ, ರೋಗಿಯ ಕಡೆಯ ಮಾತು ಕೇಳು ಎಂದು ಕಲಿಸಿದವರೂ ಅವರೇ ತಾನೆ? ಅವರ ವಿದ್ಯೆಯ ಒಳಗಿನವರೇ ಅವರ ಕ್ರಮವನ್ನು ಅವರ ನಂಬಿಕೆಗೂ ಅನ್ವಯಿಸಿದರು. ಮಾಹರ್ ಮತ್ತು ಸಂಗಾತಿಗಳು 1999ರಲ್ಲಿ ಸಿಡ್ನಿಯಲ್ಲಿ ಪೆಡ್ರೊ ಎಂಬ ದತ್ತಾಂಶ ಕೋಶ ತೆರೆದರು. ಜಗತ್ತಿನ ಫಿಸಿಯೋಥೆರಪಿ ಪ್ರಯೋಗಗಳನ್ನೆಲ್ಲ ಕಲೆಹಾಕಿ, ಒಂದೊಂದರ ಗುಣಮಟ್ಟಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುವ ಈ ಕೋಶ ಇವತ್ತಿಗೂ ಉಚಿತ. ಬೀದರಿನ ವಿದ್ಯಾರ್ಥಿಗೂ ಬೋಸ್ಟನ್ನಿನ ವಿದ್ಯಾರ್ಥಿಗೂ ಅದು ಸಮನಾಗಿ ತೆರೆದಿದೆ.

ಈಗ ಲಕ್ವದ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಸಂಶೋಧನೆ ಇಲ್ಲದ ಚಿಕಿತ್ಸೆ ಎಷ್ಟು ಅಪಾಯ ಎಂಬುದು ಅಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಪಾರ್ಶ್ವವಾಯು ಹೊಡೆದವರನ್ನು ಎಷ್ಟು ಬೇಗ ಹಾಸಿಗೆಯಿಂದ ಎಬ್ಬಿಸಬೇಕು? ಮಲಗಿದ್ದಷ್ಟೂ ಶ್ವಾಸಕೋಶದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನಿಗೆ ಹಾಸಿಗೆ ಹುಣ್ಣು. ಆದ್ದರಿಂದ ಎಷ್ಟು ಬೇಗ ಎಬ್ಬಿಸಿದರೆ ಅಷ್ಟು ಒಳ್ಳೆಯದು, ಎಷ್ಟು ಹೆಚ್ಚು ನಡೆಸಿದರೆ ಅಷ್ಟು ಒಳ್ಳೆಯದು ಎಂಬುದು ನಮ್ಮ ಕಸುಬಿನವರೆಲ್ಲರ ಮನಸ್ಸಿಗೆ ಒಪ್ಪುವ ಮಾತು. ಮೆಲ್ಬರ್ನಿನ ಜೂಲಿ ಬರ್ನ್‌ಹಾರ್ಟ್ ಫಿಸಿಯೋಥೆರಪಿಸ್ಟರು. ತಮ್ಮ ಕಸುಬಿನ ಈ ಪ್ರೀತಿಯ ನಂಬಿಕೆಯನ್ನೇ ಅವರು ಪ್ರಯೋಗಕ್ಕೆ ಇಟ್ಟರು. ಅವರ್ಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ಐದು ದೇಶಗಳ 56 ಆಸ್ಪತ್ರೆ ಘಟಕಗಳು ಸೇರಿದವು. ರೋಗಿಗಳು 2,104. ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿದರು. ಒಂದು ಗುಂಪಿಗೆ 24 ಗಂಟೆಯೊಳಗೆ ಶುರುವಾಗುವ ಹೆಚ್ಚಿನ, ಮತ್ತೆ ಮತ್ತೆ ಎಬ್ಬಿಸುವ ಚಿಕಿತ್ಸೆ, ಇನ್ನೊಂದಕ್ಕೆ ಆಸ್ಪತ್ರೆಯ ವಾಡಿಕೆಯ ಚಿಕಿತ್ಸೆ. ಮೂರು ತಿಂಗಳ ನಂತರ ಅಳೆದವರಿಗೆ ಯಾರು ಯಾವ ಗುಂಪು ಎಂಬುದು ಗೊತ್ತಿರಲಿಲ್ಲ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗನೆ, ಹೆಚ್ಚಾಗಿ ಎಬ್ಬಿಸಿದವರಲ್ಲಿ 46. ನೂರಕ್ಕೆ ನಾಲ್ಕು ಮಂದಿಯ ವ್ಯತ್ಯಾಸ, ಅದೂ ನಾವು ಒಳ್ಳೆಯದು ಎಂದುಕೊಂಡ ಚಿಕಿತ್ಸೆಯ ವಿರುದ್ಧ. ಮೊದಲ ದಿನವೇ ಅತಿಯಾಗಿ ಎಬ್ಬಿಸಬೇಡಿ ಎಂಬ ಎಚ್ಚರ ಇವತ್ತು ಲಕ್ವದ ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿ ಸೇರಿದೆ. ಅದೇ ಅಂಕಿಅಂಶಗಳನ್ನು ಮುಂದೆ ಬಿಡಿಸಿ ನೋಡಿದಾಗ ಎಬ್ಬಿಸುವುದೇ ತಪ್ಪಲ್ಲ, ಒಂದೊಂದು ಸಲಕ್ಕೆ ಸ್ವಲ್ಪ ಹೊತ್ತು, ಆದರೆ ಹಲವು ಸಲ ಎಬ್ಬಿಸಿದವರಲ್ಲಿ ಫಲ ಉತ್ತಮವಾಗಿತ್ತು ಎಂಬ ಸೂಚನೆಯೂ ಸಿಕ್ಕಿತು. ಈ ಪ್ರಶ್ನೆ ಕೇಳಲು ರೋಗಿಯನ್ನು ಕೈಯಾರೆ ಹಾಸಿಗೆಯಿಂದ ಎಬ್ಬಿಸಿ ಗೊತ್ತಿರಬೇಕು. ಉತ್ತರವನ್ನು ಒಪ್ಪಿಕೊಳ್ಳಲು ಸಂಶೋಧಕರ ಧೈರ್ಯ ಇರಬೇಕು. ಎರಡೂ ಒಬ್ಬರಲ್ಲೇ ಇದ್ದುದರಿಂದ ಈ ಕೆಲಸ ಆಯಿತು.

ನಮ್ಮ ದೇಶದ ಉದಾಹರಣೆ ಇದಕ್ಕಿಂತ ಹತ್ತಿರದ್ದು. ಇಲ್ಲಿ ಲಕ್ವ ಹೊಡೆದವರು ಆಸ್ಪತ್ರೆಯಲ್ಲಿ ಕೆಲವೇ ದಿನ ಇರುತ್ತಾರೆ, ಊರಿಗೆ ಹೋದ ಮೇಲೆ ಫಿಸಿಯೋಥೆರಪಿಸ್ಟ್ ಸಿಗುವುದಿಲ್ಲ. ಹಾಗಾದರೆ ಮನೆಯವರಿಗೇ ತರಬೇತಿ ಕೊಟ್ಟರೆ ಹೇಗೆ? ಸೊಸೆ, ಮಗ, ಹೆಂಡತಿ ದಿನವೂ ವ್ಯಾಯಾಮ ಮಾಡಿಸಿದರೆ? ಕೇಳಿದವರೆಲ್ಲ ಒಪ್ಪುವ, ನಮ್ಮ ಕುಟುಂಬ ಪದ್ಧತಿಗೆ ಹೊಂದುವ ಯೋಚನೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ಇದನ್ನು ಪರೀಕ್ಷಿಸಿದರು. ಅಟೆಂಡ್ ಎಂಬ ಈ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇರಬೇಕಾದವರು ಎಷ್ಟು ಎಂದು ಲೆಕ್ಕ ಹಾಕಿದರೆ, ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲಿ ನೂರಕ್ಕೆ 47. ಕೊಡದ ಗುಂಪಿನಲ್ಲಿಯೂ 47.

ಈ ಎರಡು 47ಗಳನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳ ಮುಂದೆ ಬರೆದು ನಿಲ್ಲಿಸುತ್ತೇನೆ. ಇದರ ಅರ್ಥ ಮನೆಯವರು ನೋಡಿಕೊಳ್ಳುವುದು ವ್ಯರ್ಥ ಎಂದಲ್ಲ. ಆಸರೆ, ಊಟ, ಸ್ವಚ್ಛತೆ, ಪ್ರೀತಿ, ಎಲ್ಲವೂ ಎರಡೂ ಗುಂಪಿನಲ್ಲಿ ಇದ್ದೇ ಇತ್ತು. ಆ ಬಗೆಯ ತರಬೇತಿಯಿಂದ ಹೆಚ್ಚಿನ ಫಲ ಬರಲಿಲ್ಲ ಎಂಬುದಷ್ಟೇ ಅರ್ಥ. ಆದರೆ ಸರ್ಕಾರಕ್ಕೂ ನಮಗೂ ಅದರಲ್ಲಿ ಒಂದು ಗಂಭೀರವಾದ ಮಾತಿದೆ. ತರಬೇತಿ ಪಡೆದ ಫಿಸಿಯೋಥೆರಪಿಸ್ಟರನ್ನು ತಾಲ್ಲೂಕಿಗೆ ಕಳಿಸುವ ಬದಲು ಮನೆಯವರಿಗೆ ಒಂದಿಷ್ಟು ಹೇಳಿಕೊಟ್ಟು ಕೈತೊಳೆದುಕೊಳ್ಳಬಹುದು ಎಂಬ ಅಗ್ಗದ ದಾರಿ ಮುಚ್ಚಿದೆ. ಈ ಸಂಗತಿ ಗೊತ್ತಾಗದಿದ್ದರೆ ಎಷ್ಟು ಜಿಲ್ಲೆಗಳಲ್ಲಿ ಎಷ್ಟು ವರ್ಷ ಆ ಯೋಜನೆ ನಡೆಸಿ ಹಣ ಸುರಿಯುತ್ತಿದ್ದೆವೊ!

ಮಂಡಿಯ ಮಾತು ಮುಂದೆ ಬರುತ್ತದೆ ಎಂದಿದ್ದೆ. ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ನಡಿಗೆ, ತೂಕ ಹೆಚ್ಚಿದ್ದರೆ ಇಳಿಸುವುದು, ಇವು ಮೊದಲ ಚಿಕಿತ್ಸೆ. ಇದಕ್ಕೆ ಆಧಾರ ಗಟ್ಟಿಯಾಗಿದೆ. ಕರೆಂಟ್ ಕೊಡಿಸಿಕೊಂಡು ಶಾಖ ಹಿಡಿಸಿಕೊಂಡು ವ್ಯಾಯಾಮ ಬಿಟ್ಟರೆ ನೀವು ಅರ್ಧಕ್ಕಿಂತ ಹೆಚ್ಚು ಚಿಕಿತ್ಸೆಯನ್ನು ಬಿಟ್ಟಂತೆ. ಆದರೆ ಗುಣ ಕಂಡಿತೊ ಇಲ್ಲವೊ ಎಂದು ನಾವು ಅಳೆಯುವುದು ಹೇಗೆ? ವೊಮ್ಯಾಕ್ ಎಂಬ 24 ಪ್ರಶ್ನೆಗಳ ಪಟ್ಟಿ ಕೆನಡಾದಲ್ಲಿ ಹುಟ್ಟಿದ್ದು, ಜಗತ್ತೆಲ್ಲ ಬಳಸುತ್ತದೆ. ಕಾಲುಚೀಲ ಹಾಕಿಕೊಳ್ಳುವಾಗ ಕಷ್ಟವೆ, ಬಾತ್‌ಟಬ್ಬಿಗೆ ಇಳಿಯುವಾಗ ಕಷ್ಟವೆ, ಕಾರು ಹತ್ತುವಾಗ ಕಷ್ಟವೆ ಎಂದು ಅದು ಕೇಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ತಟ್ಟುವ, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವ ಹೆಂಗಸಿಗೆ ಈ ಪ್ರಶ್ನೆಗಳಿಂದ ಏನು ಉಪಯೋಗ? ಆಕೆ ನಮ್ಮನ್ನು ಕೇಳುವುದು ಒಂದೇ: "ಡಾಕ್ಟ್ರೆ, ಕೆಳಗೆ ಕೂತು ಏಳೋಕಾಗುತ್ತಾ?" ಪುಣೆಯ ಸೆಂಟರ್ ಫಾರ್ ರುಮ್ಯಾಟಿಕ್ ಡಿಸೀಸಸ್ ಸಂಸ್ಥೆಯವರು ನಮ್ಮ ಜೀವನಕ್ರಮಕ್ಕೆ ತಕ್ಕಂತೆ ಈ ಪಟ್ಟಿಯನ್ನು ಬದಲಿಸಿಕೊಂಡಿದ್ದಾರೆ. ಒ.ಪಿ.ಡಿ.ಯಲ್ಲಿ ದಿನವೂ ರೋಗಿಯ ಮಾತು ಕೇಳಿಸಿಕೊಳ್ಳುವವರಿಗೆ ಮಾತ್ರ ಹೊಳೆಯುವ ಸಂಶೋಧನೆ ಇದು. ಇಂಥವು ಕರ್ನಾಟಕದಲ್ಲಿ ಎಷ್ಟು ಕಾದಿವೆ! ಕರಾವಳಿಯಲ್ಲಿ ಬೀಡಿ ಕಟ್ಟುವವರ ಕುತ್ತಿಗೆ, ಮಲೆನಾಡಿನಲ್ಲಿ ಅಡಿಕೆ ಮರ ಹತ್ತುವವರ ಭುಜ, ಇಳಕಲ್ಲಿನ ಕುಣಿಮಗ್ಗದಲ್ಲಿ ಕೂರುವವರ ಸೊಂಟ. ಈ ದೇಹಗಳ ಬಗ್ಗೆ ಅಡಿಲೇಡಿನವರಾಗಲಿ ಮೆಲ್ಬರ್ನಿನವರಾಗಲಿ ಬರೆದುಕೊಡುವುದಿಲ್ಲ.

ಪಾಠದ ಬಗ್ಗೆಯೂ ಒಂದು ಮಾತು. ಲಕ್ವದಿಂದ ಬಲಗೈ ಸೋತ ಒಬ್ಬ ಅಜ್ಜಿಯನ್ನು ವಿದ್ಯಾರ್ಥಿನಿಯೊಬ್ಬಳು ಪರೀಕ್ಷಿಸುತ್ತಿದ್ದಳು. "ಅಜ್ಜಿ, ಕೈ ಮೇಲಕ್ಕೆ ಎತ್ತಿ." ಕೈ ಏಳಲಿಲ್ಲ. ಹುಡುಗಿ ಕೇಸ್ ಶೀಟಿನಲ್ಲಿ ಬರೆದುಕೊಂಡಳು. ಪಕ್ಕದಲ್ಲಿದ್ದ ಸೊಸೆ ಹೇಳಿದಳು: "ಮನೇಲಿ ಎತ್ತುತ್ತಾರೆ ಮೇಡಂ, ಸೆರಗು ಸರಿ ಮಾಡ್ಕೊಳ್ಳೋವಾಗ." ಸೆರಗನ್ನು ಸ್ವಲ್ಪ ಜಾರಿಸಿ ಕಾದೆವು. ನಿಧಾನವಾಗಿ, ತೊಡೆಯಿಂದ ಎದೆಯವರೆಗೆ, ಕೈ ಬಂತು. ಕೈ ಎತ್ತು ಎಂಬ ಬರಿಯ ಅಪ್ಪಣೆಗಿಂತ ನಿಜವಾದ ಕೆಲಸ ಚಲನೆಯನ್ನು ಹೊರಡಿಸುತ್ತದೆ ಎಂಬುದನ್ನು ಸಿಡ್ನಿಯ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್ 1982ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದಿದ್ದರು. ಆ ಹುಡುಗಿ ಅದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಅದು ಅವಳ ವಿದ್ಯೆಯಾದದ್ದು ಅವತ್ತು, ಆ ಸೊಸೆಯ ಒಂದು ಮಾತಿನಿಂದ. ಪವರ್‌ಪಾಯಿಂಟ್ ಹಿಡಿದು ನಿಂತ ಯಾವ ಅಧ್ಯಾಪಕರೂ ಆ ಕ್ಷಣವನ್ನು ತರಗತಿಯಲ್ಲಿ ಸೃಷ್ಟಿಸಲಾರರು. ರೋಗಿಯನ್ನು ಮುಟ್ಟದೆ ವರ್ಷಗಳಾದ ಅಧ್ಯಾಪಕರಿಗೆ ಸೊಸೆಯನ್ನು ಮಾತಾಡಿಸಬೇಕು ಎಂಬುದೂ ಮರೆತಿರುತ್ತದೆ.

ಹಾಗಾದರೆ ಮೂರೂ ಕೆಲಸ ಒಬ್ಬರಲ್ಲೇ ಕೂಡುವುದು ನಮ್ಮಲ್ಲಿ ಯಾಕೆ ಆಗುತ್ತಿಲ್ಲ? ಮನಸ್ಸಿಲ್ಲದೆ ಅಲ್ಲ. ಒ.ಪಿ.ಡಿ.ಯಲ್ಲಿರುವವರಿಗೆ ತಲೆ ಎತ್ತಲು ಬಿಡುವಿಲ್ಲ. ಅಧ್ಯಾಪಕರಿಗೆ ಇಂಟರ್ನಲ್ಸ್, ತಪಾಸಣೆಯ ಕಡತ, ಹಾಜರಿ ಪುಸ್ತಕ. ಬಡ್ತಿಗೆ ಪ್ರಕಟಣೆಗಳ ಸಂಖ್ಯೆ ಎಣಿಸುತ್ತಾರೆ, ನೋಡಿದ ರೋಗಿಗಳನ್ನು ಯಾರೂ ಎಣಿಸುವುದಿಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷ ಕಳೆದ ನುರಿತವರಿಗೆ ಕಾಲೇಜಿನ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಅವರದು ಬೋಧನಾ ಅನುಭವ ಅಲ್ಲ. ಮದುವೆ, ಹೆರಿಗೆ ಎಂದು ಕೆಲಸ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಅರ್ಧ ದಿನದ ಹುದ್ದೆ ಸಿಕ್ಕಿದರೆ ಮರಳಿ ಬಂದಾರು. ಅಂಥ ಹುದ್ದೆಯೇ ನಮ್ಮಲ್ಲಿ ಇಲ್ಲ. ಮೈಟ್‌ಲ್ಯಾಂಡ್ ಕಟ್ಟಿಕೊಂಡ ಬದುಕಿಗೆ ಬುನಾದಿ ಅರ್ಧ ಹೊತ್ತಿನ ಹುದ್ದೆ ಎಂಬುದನ್ನು ನೆನಪಿಡೋಣ.

ಇನ್ನು ನಮ್ಮ ಎಂ.ಪಿ.ಟಿ. ಪ್ರಬಂಧಗಳು. ಇವುಗಳ ಬಗ್ಗೆ ನನಗೆ ನಿಜವಾದ ಸಂಕಟವಿದೆ. ಎರಡು ವರ್ಷದ ಕೋರ್ಸು. ಮೊದಲ ವರ್ಷವೇ ಸಿನಾಪ್ಸಿಸ್ ಸಲ್ಲಿಸಬೇಕು, ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಕೈಗೆ ಸಿಗುವುದು ಕೆಲವೇ ತಿಂಗಳು, ಮೂವತ್ತು ನಲವತ್ತು ರೋಗಿಗಳು. ಎರಡು ಗುಂಪು, ಎರಡು ತಂತ್ರ, ನಾಲ್ಕು ವಾರ, ಮುಂಚೆ ಅಳತೆ, ಆಮೇಲೆ ಅಳತೆ. ರೆಕ್ಸಿನ್ ಬೈಂಡು ಹಾಕಿಸಿ ಗ್ರಂಥಾಲಯಕ್ಕೆ ಒಪ್ಪಿಸಿದರೆ ಮುಗಿಯಿತು. ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿ ಇನ್ನೊಂದು ವಿಷಯದೊಂದಿಗೆ ಸೊನ್ನೆಯಿಂದ ಶುರು. ಅಷ್ಟು ಮಂದಿ ರೋಗಿಗಳು ನಂಬಿ ಕೊಟ್ಟ ಸಮಯ, ಅಷ್ಟು ಹುಡುಗ ಹುಡುಗಿಯರ ಶ್ರಮ ಒಂದಕ್ಕೊಂದು ಕೂಡದೆ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ.

ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಹಣ ಬೇಡ. ಐದು ಕಾಲೇಜುಗಳು ಒಂದು ಪ್ರಶ್ನೆಯನ್ನು ಒಪ್ಪಿಕೊಳ್ಳಲಿ. ನೆಲದಿಂದ ಏಳಲಾಗದ ಮಂಡಿ ನೋವಿನವರಿಗೆ ಯಾವ ವ್ಯಾಯಾಮ ಕ್ರಮ ಒಳ್ಳೆಯದು ಎಂಬುದೇ ಆ ಪ್ರಶ್ನೆಯಾಗಲಿ. ಎಲ್ಲರೂ ಒಂದೇ ಕನ್ನಡ ಪ್ರಶ್ನಾವಳಿ, ಒಂದೇ ಅಳತೆ ಬಳಸಲಿ. ಪ್ರತಿ ಕಾಲೇಜಿನಿಂದ ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳು, ಒಬ್ಬೊಬ್ಬರು ಮೂವತ್ತು ರೋಗಿಗಳನ್ನು ಸೇರಿಸಿದರೆ ವರ್ಷಕ್ಕೆ 300. ನಾಲ್ಕು ವರ್ಷಕ್ಕೆ 1,200. ದೇಶದ 14 ಆಸ್ಪತ್ರೆಗಳು ಸೇರಿ ಮಾಡಿದ ಅಟೆಂಡ್ ಪ್ರಯೋಗದ ಗಾತ್ರ ಹೆಚ್ಚುಕಡಿಮೆ ಇಷ್ಟೇ. ಪ್ರಯೋಗವನ್ನು ಮೊದಲೇ ನೋಂದಾಯಿಸಲು 2007ರಿಂದ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇದೆ, ಅದಕ್ಕೆ ಶುಲ್ಕವಿಲ್ಲ. ಬೇಕಾದದ್ದು ನಾಲ್ಕು ವರ್ಷ ಒಂದೇ ಪ್ರಶ್ನೆಯ ಜೊತೆ ಕೂರುವ ತಾಳ್ಮೆ, ಮತ್ತು ಪಕ್ಕದ ಕಾಲೇಜಿನವರ ಜೊತೆ ಹೆಸರು ಹಂಚಿಕೊಳ್ಳುವ ಮನಸ್ಸು.

ಹುದ್ದೆಗಳ ವಿಷಯಕ್ಕೂ ಈಗ ಕಾಲ ಕೂಡಿಬಂದಿದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಾಗ ರಾಜ್ಯದ ಬಹುತೇಕ ಫಿಸಿಯೋಥೆರಪಿ ಕಾಲೇಜುಗಳು ಒಂದೇ ಪಠ್ಯಕ್ರಮದ ಕೆಳಗೆ ಸೇರಿದವು. 2021ರಲ್ಲಿ ಸಂಸತ್ತು ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಫಿಸಿಯೋಥೆರಪಿಗೆ ದೇಶದ ಮಟ್ಟದಲ್ಲಿ ಶಾಸನದ ಆಸರೆ ದೊರೆತದ್ದು ಆಗ. ನಿಯಮಗಳು ರೂಪುಗೊಳ್ಳುವ ಇಂಥ ಹೊತ್ತಿನಲ್ಲೇ ನಮ್ಮ ಮಾತು ಹೇಳಬೇಕು. ಅಧ್ಯಾಪಕರ ಅರ್ಹತೆಯಲ್ಲಿ ರೋಗಿ ಚಿಕಿತ್ಸೆಯ ಅನುಭವಕ್ಕೆ ಬೋಧನಾ ಅನುಭವದಷ್ಟೇ ತೂಕ ಸಿಗಲಿ. ಕಾಲೇಜೂ ಆಸ್ಪತ್ರೆಯೂ ಸೇರಿ ಸಂಬಳ ಕೊಡುವ ಜಂಟಿ ಹುದ್ದೆಗಳಿಗೆ, ಅರ್ಧ ಹೊತ್ತಿನ ಹುದ್ದೆಗಳಿಗೆ ಅವಕಾಶ ಇರಲಿ.

ಆ ನಿಯಮಗಳು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಇಲ್ಲಿರುವ ಪ್ರಾಂಶುಪಾಲರಲ್ಲಿ ನನ್ನ ಬೇಡಿಕೆ: ಬರುವ ವರ್ಷದ ವೇಳಾಪಟ್ಟಿಯಲ್ಲಿ ಪ್ರತಿ ಅಧ್ಯಾಪಕರಿಗೂ ವಾರಕ್ಕೆ ಎರಡು ಬೆಳಗು ಒ.ಪಿ.ಡಿ. ಕೊಡಿ. ಅವರದೇ ಹೆಸರಿನಲ್ಲಿ, ಅವರದೇ ರೋಗಿಗಳು, ಮೊದಲ ಭೇಟಿಯಿಂದ ಕೊನೆಯವರೆಗೆ. ಸ್ವಂತ ಕ್ಲಿನಿಕ್ ನಡೆಸುವ ಗೆಳೆಯರೆ, ತಿಂಗಳಿಗೊಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ರೋಗಿಯ ಮೊದಲ ದಿನದ ಮತ್ತು ಕೊನೆಯ ದಿನದ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ.

ಚಿಕಿತ್ಸೆಗೆ ಬರುವ ನಿಮ್ಮೆಲ್ಲರಲ್ಲೂ ಒಂದು ವಿನಂತಿ. ಅಧ್ಯಯನಕ್ಕೆ ಸೇರುತ್ತೀರಾ ಎಂದು ವಿದ್ಯಾರ್ಥಿ ಕೇಳಿದರೆ ಸಂಕೋಚವಿಲ್ಲದೆ ಪ್ರಶ್ನೆ ಕೇಳಿ. ಏನು ಮಾಡುತ್ತೀರಿ, ಯಾಕೆ, ನಾನು ಬೇಡವೆಂದರೆ ಚಿಕಿತ್ಸೆ ನಿಲ್ಲುತ್ತದೆಯೆ ಎಂದು ಕೇಳುವುದು ನಿಮ್ಮ ಹಕ್ಕು. ಬೇಡವೆಂದರೂ ಚಿಕಿತ್ಸೆ ನಿಲ್ಲಬಾರದು, ಅದು ನಿಯಮ. ಉತ್ತರ ಸಮಾಧಾನ ತಂದರೆ ಸೇರಿಕೊಳ್ಳಿ. ಆರು ತಿಂಗಳ ನಂತರ ಕಾಲೇಜಿನಿಂದ ಫೋನ್ ಬಂದರೆ ದಯವಿಟ್ಟು ಎತ್ತಿ. ಗುಣವಾಗಿದ್ದರೆ ಆಗಿದೆ ಎನ್ನಿ, ಆಗದಿದ್ದರೆ ನಮ್ಮ ಮುಖ ನೋಡಿ ಮುಚ್ಚಿಡದೆ ಆಗಿಲ್ಲ ಎಂದೇ ಹೇಳಿ.